ಸೂರುನೀರು ಮತ್ತು ಮನುಷ್ಯ: ಜಗಲಿ ಕಾವಲಿನ ಸೆನ್ಸರ್ ಕೊನೆಗೂ ಹದಕ್ಕೆ ಬಂತು

ಆರಿದ್ರಾ ಮಳೆ ರಾತ್ರಿಯಿಡೀ ಸುರಿದರೂ, ಮಲೆನಾಡಿನ ಸಾಗರ ಪಟ್ಟಣದ ಸಮೀಪದ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ, ಜಗಲಿಗೆ ಯಾರಾದರೂ ಬಂದರೆ ತಿಳಿಸಲೆಂದು ನಾನು ಕೂರಿಸಿದ ಒಳಗಂಟೆ ಒಮ್ಮೆಯೂ ಸುಳ್ಳು ಬಾರಿಸಲಿಲ್ಲ. ಅದೇ ರಾತ್ರಿ, ಮೊದಲೇ ಮಾತಾಡಿಕೊಂಡಂತೆ ಪಕ್ಕದ ಮನೆಯವರು ರೇನ್‌ಕೋಟ್ ತೊಟ್ಟು, ಟಾರ್ಚ್ ಆರಿಸಿಕೊಂಡು, ಸದ್ದಿಲ್ಲದೆ ಬಾಗಿಲಿಗೆ ಬಂದು ನಿಂತಾಗ ಅದು ತಪ್ಪದೆ ಬಾರಿಸಿತು. ಈ ಎರಡೂ ಒಂದೇ ರಾತ್ರಿ ಕೂಡಿಬಂದದ್ದು ಇದೇ ಮೊದಲು. ಬೋರ್ಡಿಗೆ ಪ್ರೋಗ್ರಾಂ ತುಂಬುವುದು, ಕ್ಯಾಮೆರಾದ ಚಿತ್ರವನ್ನು ಒಳಗಿನ ಟ್ಯಾಬ್ಲೆಟ್ಟಿಗೆ ತರುವುದು, ಪೆಟ್ಟಿಗೆಗೆ ತೂತು ಕೊರೆಯುವುದು ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಸೂರಿನಿಂದ ಬೀಳುವ ನೀರಿಗೂ ಬಾಗಿಲ ಮುಂದೆ ನಿಂತ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಹೇಳಿಕೊಡುವ ಒಂದೇ ಸಮಸ್ಯೆಯ ಬಗ್ಗೆ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮನೆಯಲ್ಲಿ ಇರುವುದು ವಯಸ್ಸಾದ ಇಬ್ಬರೇ. ಹತ್ತಿರದ ಮನೆ ಅಡಿಕೆ ತೋಟದ ಆಚೆ ದಿಬ್ಬದ ಮೇಲಿದೆ. ಆದ್ದರಿಂದ ಈ ಸಾಧನದ ಉದ್ದೇಶ ಕಳ್ಳನನ್ನು ಹೆದರಿಸುವುದಲ್ಲ. ಹೊರಗೆ ಯಾರೋ ನಿಂತಿದ್ದಾರೆ ಎಂಬುದನ್ನು ಅವರು ಬಾಗಿಲು ಬಡಿಯುವ ಮೊದಲೇ ಒಳಗಿನವರಿಗೆ ತಿಳಿಸುವುದು, ಮುಖ ತೋರಿಸುವುದು ಮತ್ತು ಚಿಲಕ ತೆಗೆಯದೆ ಮಾತನಾಡುವ ಅನುಕೂಲ ಮಾಡಿಕೊಡುವುದು. ಹೊರಗೆ ಸೈರನ್ ಇಲ್ಲ, ಮಲಗುವ ಕೋಣೆಯಲ್ಲಿ ಒಂದು ಮೆಲುದನಿಯ ಗಂಟೆ ಮಾತ್ರ ಇದೆ. ಆ ಗಂಟೆ ಸುಳ್ಳು ಹೇಳಲು ಶುರುಮಾಡಿದರೆ ಇಡೀ ವ್ಯವಸ್ಥೆಯೇ ವ್ಯರ್ಥ. "ಇದನ್ನು ಬಿಚ್ಚಿಟ್ಟುಬಿಡು ಮಾರಾಯ, ಮಳೆ ಬಂದರೂ ಕಳ್ಳ, ಬೆಕ್ಕು ಬಂದರೂ ಕಳ್ಳ ಎನ್ನುತ್ತದೆ" ಎಂದು ಚಿಕ್ಕಮ್ಮ ಪ್ಲಗ್ ಕಿತ್ತಿಟ್ಟು ಮಲಗಿದ ರಾತ್ರಿಗಳಲ್ಲಿ ಆ ಮನೆಗೆ ಯಾವ ಕಾವಲೂ ಇರಲಿಲ್ಲ. ಸಂವೇದನೆ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ ಮನೆಯವರು ಅದನ್ನು ನಂಬಿ ಎದ್ದು ನೋಡುತ್ತಾರೆಯೇ ಎಂಬುದೇ ಭದ್ರತೆಯ ನಿಜವಾದ ಅಳತೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲ ಹಂತದಲ್ಲಿ ಎಲ್ಲರೂ ಬಳಸುವ ಎಚ್‌ಸಿ-ಎಸ್‌ಆರ್ 501 ಎಂಬ ಪಿಐಆರ್ (ಮೈಬಿಸಿಯ ಅವಕೆಂಪು ಕಿರಣ ಗುರುತಿಸುವ) ಸೆನ್ಸರ್ ಇತ್ತು. ಇದು ಶಾಖವನ್ನು ಅಳೆಯುವುದಿಲ್ಲ, ಶಾಖದ ವ್ಯತ್ಯಾಸ ಸರಿದಾಡುವುದನ್ನು ಗುರುತಿಸುತ್ತದೆ. ಮೇಲಿನ ಬಿಳಿ ಫ್ರೆನೆಲ್ ಮಸೂರ ಎದುರಿನ ಜಾಗವನ್ನು ಪಟ್ಟೆಪಟ್ಟೆಯಾಗಿ ಹಂಚುತ್ತದೆ. ಬೆಚ್ಚಗಿನ ದೇಹವೊಂದು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಎರಡು ಸಂವೇದಿ ತುಣುಕುಗಳ ನಡುವೆ ಏರುಪೇರಾಗಿ ಸಂಕೇತ ಹುಟ್ಟುತ್ತದೆ. ಬಾಗಿಲ ನೆತ್ತಿಯ ಮೇಲೆ ಕೂರಿಸಿದರೆ ಚೆಂದ ಕಾಣುತ್ತದೆ, ತಂತಿಯೂ ಉಳಿಯುತ್ತದೆ, ಆದರೆ ದಣಪೆಯಿಂದ (ಗಳು ಅಡ್ಡ ಹಾಕುವ ಬೇಲಿಬಾಗಿಲಿನಿಂದ) ಜಗಲಿಗೆ ಬರುವ ದಾರಿ ನೇರವಾಗಿರುವ ಮನೆಗಳಲ್ಲಿ ಆ ಜಾಗ ಕೆಲಸಕ್ಕೆ ಬರುವುದಿಲ್ಲ. ನೇರ ಎದುರಿನಿಂದ ನಡೆದು ಬರುವವನು ಬಹುಪಾಲು ದೂರವನ್ನು ಒಂದೇ ಪಟ್ಟೆಯೊಳಗೆ ಕ್ರಮಿಸುತ್ತಾನೆ, ಸೆನ್ಸರ್ ಅವನನ್ನು ತೀರಾ ಹತ್ತಿರಕ್ಕೆ ಬರುವವರೆಗೂ ಕಾಣುವುದಿಲ್ಲ. ಹಾಗಾಗಿ ಅದನ್ನು ಜಗಲಿಯ ಬಲಗಡೆಯ ಕಂಬಕ್ಕೆ ಸಾಗಿಸಿ, ದಾರಿಯನ್ನು ಅಡ್ಡಲಾಗಿ ನೋಡುವಂತೆ ತಿರುಗಿಸಿದೆ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ವೈಫೈ ಪ್ರಸಾರವಾದಾಗಲೆಲ್ಲ ಪಕ್ಕದಲ್ಲೇ ಇರುವ ಪಿಐಆರ್ ಬೆಚ್ಚಿಬೀಳುವ ರೋಗ ವೈಫೈ ಇರುವ ಇಎಸ್‌ಪಿ 32 ಬೋರ್ಡ್ ಬಳಸುವವರಿಗೆಲ್ಲ ಪರಿಚಿತ. ಕಂಬಕ್ಕೂ ಬೋರ್ಡಿಗೂ ನಡುವೆ ದೂರ ಬಿದ್ದು, ಸಂಕೇತದ ತಂತಿಗೆ ಒಂದು ಸಣ್ಣ ಸೆರಾಮಿಕ್ ಕೆಪಾಸಿಟರ್ ಸೇರಿದ ಮೇಲೆ ಆ ಕಾಟ ನಿಂತಿತು.

ಪಿಐಆರ್ ಒಂದನ್ನೇ ನಂಬಲಾಗದು ಎಂಬುದಕ್ಕೆ ಮಲೆನಾಡಿನಲ್ಲಿ ಎರಡು ಬಲವಾದ ಕಾರಣಗಳಿವೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ದೀಪಕ್ಕೆ ಮುತ್ತಿಕೊಂಡು ಮಸೂರದ ಮೇಲೇ ಹರಿದಾಡುತ್ತವೆ, ಆಗ ಗಂಟೆ ಬಿಡುವಿಲ್ಲದೆ ಬಾರಿಸುತ್ತದೆ. ಇನ್ನೊಂದು ಇದಕ್ಕೆ ಪೂರ್ತಿ ವಿರುದ್ಧ. ನೆನೆದ ರೇನ್‌ಕೋಟ್ ಅಥವಾ ಕಂಬಳಿಕೊಪ್ಪೆ ಹೊದ್ದು ಬಂದವನ ಮೈಯ ಬಿಸಿ ಹೊರಗೆ ಕಾಣುವುದೇ ಇಲ್ಲ. ಸೆನ್ಸರಿನ ಮಟ್ಟಿಗೆ ಅವನು ಸುತ್ತಲಿನ ಒದ್ದೆ ಗಾಳಿಯಷ್ಟೇ ತಣ್ಣಗಿರುವ ಒಂದು ಹೊದಿಕೆ. ಮುಖ ಮತ್ತು ಕೈಗಳಿಂದ ಮಾತ್ರ ಸಂಕೇತ ಹುಟ್ಟಬೇಕು, ಅದು ಹಲವು ಸಲ ಸಾಲುವುದಿಲ್ಲ.

ಹಾಗಾಗಿ ಎರಡನೆಯ ಸಾಕ್ಷಿಯಾಗಿ ರೇಡಾರ್ ಸೇರಿಸುವುದು ಅನಿವಾರ್ಯವಾಯಿತು. ಅಗ್ಗದ ಆರ್‌ಸಿಡಬ್ಲ್ಯುಎಲ್ 0516 ರೇಡಾರ್ ನನಗೆ ಬೇಡವಾಗಿತ್ತು, ಏಕೆಂದರೆ ಅದು ಹಿಂದೆ ಮುಂದೆ ಎರಡೂ ಕಡೆ ನೋಡುತ್ತದೆ, ದೂರವನ್ನು ಹೇಳುವುದಿಲ್ಲ, ಮತ್ತು ಒಳಗೆ ಚಿಕ್ಕಪ್ಪ ನೀರು ಕುಡಿಯಲು ಎದ್ದರೂ ಹೊರಗೆ ಯಾರೋ ಬಂದರೆಂದು ಸಾರುತ್ತದೆ. 24 ಗಿಗಾಹರ್ಟ್ಸಿನ ಎಲ್‌ಡಿ 2410 ಹಾಗಲ್ಲ. ಅದು ಎದುರಿನ ದೂರವನ್ನು 0.75 ಮೀಟರಿನ ಗೇಟುಗಳಾಗಿ ಹಂಚಿ, 0ಯಿಂದ 8ರವರೆಗಿನ ಪ್ರತಿ ಗೇಟಿನಲ್ಲೂ ಚಲನೆಯ ಶಕ್ತಿ ಎಷ್ಟು, ನಿಶ್ಚಲ ವಸ್ತುವಿನ ಶಕ್ತಿ ಎಷ್ಟು ಎಂದು 100ರೊಳಗಿನ ಅಂಕಿಯಲ್ಲಿ ಹೇಳುತ್ತದೆ.

ಇಲ್ಲಿ ಮಾರಾಟಗಾರರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ತರಿಸಿದ್ದು 2.54 ಮಿಲಿಮೀಟರ್ ಅಂತರದ ಪಿನ್ನುಗಳಿರುವ 2410 ಸಿ ಮಾದರಿ, ಬಂದದ್ದು 1.27 ಮಿಲಿಮೀಟರಿನ ಸಾದಾ 2410. ಮಾಮೂಲಿ ಜಂಪರ್ ತಂತಿ ಅದಕ್ಕೆ ಕೂರುವುದಿಲ್ಲ, ಕೂದಲೆಳೆಯಂಥ ತಂತಿಗಳನ್ನು ಬೆಸುಗೆ ಹಾಕಬೇಕು, ಹಾಕುವಾಗ ಪಕ್ಕದ ಪಿನ್ನಿಗೆ ಸೀಸ ಅಂಟದಂತೆ ಉಸಿರು ಬಿಗಿಹಿಡಿಯಬೇಕು. ವಿಚಾರಿಸಿದರೆ "ಎರಡೂ ಒಂದೇ ಸರ್, ಕೆಲಸ ಮಾಡುತ್ತದೆ" ಎಂಬ ಉತ್ತರ ಬಂತು. ಇನ್ನೊಂದು ಅಂಗಡಿಯವರು ರಾತ್ರಿ ನೋಟದ 850 ನ್ಯಾನೋಮೀಟರ್ ಮಸೂರ ಎಂದು ಕಳಿಸಿದ್ದರಲ್ಲಿ ಅವಕೆಂಪು ಕಿರಣ ತಡೆಯುವ ಫಿಲ್ಟರ್ ಹಾಗೆಯೇ ಇತ್ತು. ಇದನ್ನು ಪತ್ತೆ ಮಾಡುವುದು ಸುಲಭ: ಕತ್ತಲಲ್ಲಿ ಕ್ಯಾಮೆರಾದ ಮುಂದೆ ಟಿವಿ ರಿಮೋಟ್ ಒತ್ತಿದಾಗ ಅದರ ತುದಿ ಪ್ರಖರವಾಗಿ ಬೆಳಗದೆ ಮಂಕಾಗಿಯೋ ಕಪ್ಪಾಗಿಯೋ ಕಂಡರೆ ಫಿಲ್ಟರ್ ಇದೆ ಎಂದೇ ತಿಳಿಯಬೇಕು. ಹವ್ಯಾಸಿಗಳು ಸಣ್ಣ ಗಿರಾಕಿಗಳೆಂಬ ಕಾರಣಕ್ಕೆ ಇಂಥ ಅಡ್ಡಾದಿಡ್ಡಿ ಮಾಲು ದಾಟಿಸುವುದು ಅನ್ಯಾಯ. ಈ ಸಾಮಾನುಗಳ ಮೇಲೆ ಯಾರದೋ ಮನೆಯ ರಾತ್ರಿಯ ನೆಮ್ಮದಿ ನಿಂತಿರುತ್ತದೆ.

ಮೂಲ ಸಮಸ್ಯೆಗೆ ಬರುತ್ತೇನೆ. ರೇಡಾರನ್ನು ಬಾಗಿಲ ಪಕ್ಕ ಎದೆಯೆತ್ತರದಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹೊರಮುಖವಾಗಿ ಇಟ್ಟಿದ್ದೇನೆ. ಅಲ್ಲಿಂದ ಹೆಂಚಿನ ಸೂರಂಚು ಸುಮಾರು 2.4 ಮೀಟರ್ ದೂರದಲ್ಲಿದೆ, ಅಂದರೆ ನೀರು ಬೀಳುವುದು ಸರಿಯಾಗಿ 3ನೇ ಗೇಟಿನಲ್ಲಿ. ನೀರು ಈ ತರಂಗಗಳನ್ನು ಚೆನ್ನಾಗಿ ಪ್ರತಿಫಲಿಸುತ್ತದೆ ಮತ್ತು ಬೀಳುವ ನೀರಿಗೆ ವೇಗವೂ ಇರುತ್ತದೆ, ಆದ್ದರಿಂದ ರೇಡಾರಿಗೆ ಸೂರುನೀರು ಎಡೆಬಿಡದೆ ನಡೆಯುವ ಜನರ ಸಾಲಿನಂತೆ ಕಾಣುತ್ತದೆ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸೂರಿನ ನೀರು ಹರಿಯಲು ದೋಣಿ ಕಟ್ಟಿದ್ದರೂ, ಜಡಿಮಳೆಗೆ ಅದು ತರಗೆಲೆ ಕಟ್ಟಿಕೊಂಡು ಉಕ್ಕಿ ಪರದೆಯಂತೆ ಸುರಿಯುತ್ತಿತ್ತು. 3ನೇ ಗೇಟನ್ನೂ ಅದರಾಚೆಯವನ್ನೂ ಮುಚ್ಚಿದರೆ ಸಮಸ್ಯೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ರೇಡಾರನ್ನು ಎಂಜಿನಿಯರಿಂಗ್ ಮೋಡ್‌ಗೆ ಹಾಕಿ ಪ್ರತಿ ಗೇಟಿನ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತ ಕುಳಿತಾಗ ವಿಷಯ ಬಿಚ್ಚಿಕೊಂಡಿತು. ಮಳೆ ಬಿರುಸಾದಂತೆ 3ನೇ ಗೇಟಿನ ಚಲನೆ 100ಕ್ಕೆ ಅಂಟಿಕೊಳ್ಳುತ್ತಿತ್ತು, ಮತ್ತು ಅದರ ಪಾಲು 2ನೇ ಗೇಟಿಗೂ ಸೋರಿ ಅಲ್ಲಿ ಅಂಕಿ ಆಗಾಗ 60ರ ಆಸುಪಾಸಿಗೆ ಜಿಗಿಯುತ್ತಿತ್ತು. 0 ಮತ್ತು 1ನೇ ಗೇಟು ಮಾತ್ರ, ಅಂದರೆ ಬಾಗಿಲಿನಿಂದ 1.5 ಮೀಟರಿನೊಳಗಿನ ಒಣ ಜಗಲಿ, ಎಂಥ ಮಳೆಗೂ ಶಾಂತವಾಗಿಯೇ ಇತ್ತು.

ಈ ಅಂಕಿಗಳಿಂದಲೇ ಪರಿಹಾರ ಹುಟ್ಟಿತು. 2ನೇ ಗೇಟಿನ ಚಲನೆಯ ಮಿತಿಯನ್ನು 75ಕ್ಕೆ ಏರಿಸಿ, 3ರಿಂದ ಮುಂದಿನವನ್ನು 100ಕ್ಕೆ ಒಯ್ದು ಮುಚ್ಚಿ, 0 ಮತ್ತು 1ನ್ನು 50ರಲ್ಲೇ ಬಿಟ್ಟೆ. ಅದರ ಮೇಲೆ ಎರಡು ನಿಯಮಗಳನ್ನು ಬರೆದೆ. ಕಂಬದ ಪಿಐಆರ್ ಮೊದಲು ಎಚ್ಚರಗೊಂಡು, ನಂತರದ 10 ಸೆಕೆಂಡಿನೊಳಗೆ ರೇಡಾರ್ ತನ್ನ ತೆರೆದ ಗೇಟುಗಳಲ್ಲಿ ಯಾರನ್ನಾದರೂ ಕಂಡರೆ ಗಂಟೆ ಬಾರಿಸಬೇಕು. ಪಿಐಆರ್ ಸುಮ್ಮನಿದ್ದರೂ, 0 ಅಥವಾ 1ನೇ ಗೇಟಿನಲ್ಲಿ 5 ಸೆಕೆಂಡು ಬಿಡದೆ ಯಾರಾದರೂ ನಿಂತಿದ್ದರೆ ಆಗಲೂ ಬಾರಿಸಬೇಕು. ಮೊದಲನೆಯದು ಮಳೆ ಮತ್ತು ಹುಳುಗಳನ್ನು ಜರಡಿ ಹಿಡಿಯುತ್ತದೆ; ಎರಡನೆಯದು ರೇನ್‌ಕೋಟಿನವನನ್ನು ಹಿಡಿಯುತ್ತದೆ. ಬೆಕ್ಕು ಬಾಗಿಲ ಮುಂದೆ ಹಾದುಹೋಗುತ್ತದೆಯೇ ವಿನಾ ನಿಲ್ಲುವುದಿಲ್ಲ, ಆದ್ದರಿಂದ ಅದು ಎರಡನೆಯದಕ್ಕೆ ಸಿಗುವುದಿಲ್ಲ.

ಉಳಿದದ್ದು ಮನೆಯ ನಾಯಿ. ಅದು ಮಲಗುವುದು ಬಾಗಿಲ ಎದುರಿನ ಗೋಣಿಯ ಮೇಲೆ, ಅಂದರೆ 1ನೇ ಗೇಟಿನ ನಟ್ಟನಡುವೆ. ಪಿಐಆರ್ ಮಸೂರದ ಕೆಳಗಿನ ಅರ್ಧಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ನೆಲಮಟ್ಟದ ಓಡಾಟವನ್ನು ಮರೆಮಾಡಿದ್ದರಿಂದ ಮೊದಲ ನಿಯಮ ಉಳಿಯಿತು, ಆದರೆ ಎರಡನೆಯದು ನಾಯಿಯ ಉಸಿರಾಟಕ್ಕೇ ಎಚ್ಚರಗೊಳ್ಳುತ್ತಿತ್ತು. ರೇಡಾರ್ ಮಧ್ಯರೇಖೆಯ ಎರಡೂ ಬದಿಗೆ ಸುಮಾರು 60 ಡಿಗ್ರಿಯವರೆಗೆ ನೋಡುತ್ತದೆ. ಆ ಬೀಸಣಿಗೆಯ ಆಚೆ, ಜಗಲಿಯ ಎಡತುದಿಯಲ್ಲಿ ಅಕ್ಕಿಮುಡಿ ಇಡುತ್ತಿದ್ದ ಬೆಚ್ಚಗಿನ ಮೂಲೆಗೆ ಗೋಣಿಯನ್ನು ಸರಿಸಿ, ರಾತ್ರಿಯ ಅನ್ನವನ್ನೂ ಅಲ್ಲೇ ಹಾಕಲು ಚಿಕ್ಕಮ್ಮ ಶುರುಮಾಡಿದ ಮೇಲೆ ಅದು ಅಲ್ಲಿಗೆ ಒಗ್ಗಿಕೊಂಡಿತು. ನಾಯಿಯನ್ನು ಒಳಗೆ ಕಟ್ಟುವ ಯೋಚನೆಯನ್ನು ನಾನು ಮಾಡಲೇ ಇಲ್ಲ. ಅಪರಿಚಿತರ ವಾಸನೆ ಹಿಡಿಯುವುದರಲ್ಲಿ ಅದು ನನ್ನ ಎರಡೂ ಸೆನ್ಸರುಗಳಿಗಿಂತ ಮುಂದಿದೆ.

ಗಂಟೆ ಬಾರಿಸಿದ ಮೇಲೆ ಏನು ಮಾಡಬೇಕು ಎಂಬುದನ್ನೂ ನಾವು ಮೂವರು ಕುಳಿತು ಗೊತ್ತುಮಾಡಿಕೊಂಡಿದ್ದೇವೆ, ಯಾಕೆಂದರೆ ಅದಿಲ್ಲದೆ ಈ ಯಂತ್ರ ಅಪೂರ್ಣ. ಗಂಟೆಯ ಜೊತೆಗೆ ಜಗಲಿಯ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ, ಒಳಗಿನ ದೀಪವನ್ನು ಹಾಕಬಾರದು. ಹೊರಗೆ ಬೆಳಕು, ಒಳಗೆ ಕತ್ತಲೆ ಇದ್ದಾಗ ನೋಡುವವರು ನಾವು, ಕಾಣಿಸುವವರು ಅವರು. ಕ್ಯಾಮೆರಾದಲ್ಲಿ ಒಬ್ಬರೇ ಕಂಡರೂ ಬದಿಯಲ್ಲಿ ಇನ್ನೊಬ್ಬರಿರಬಹುದು. ಮಾತೇನಿದ್ದರೂ ಸ್ಪೀಕರಿನಲ್ಲೋ ಸರಳಿನ ಕಿಟಕಿಯ ಮೂಲಕವೋ ನಡೆಯಬೇಕು, ಮತ್ತು ಮನೆಯಲ್ಲಿ ಇಬ್ಬರೇ ಇದ್ದೇವೆ ಎಂಬುದು ಆ ಮಾತಿನಲ್ಲಿ ಹೊರಬೀಳಬಾರದು. ಅಪಘಾತವಾಗಿದೆ, ಬೈಕ್ ಕೆಟ್ಟಿದೆ, ದಾರಿ ತಪ್ಪಿದೆ ಎಂದರೆ ಅವರ ಪರವಾಗಿ ನಾವೇ 112ಕ್ಕೆ ಕರೆ ಮಾಡಿಕೊಡುತ್ತೇವೆ ಎನ್ನಬೇಕು. ನಿಜವಾಗಿ ಕಷ್ಟದಲ್ಲಿರುವವರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ, ಅಲ್ಲದವರು ಅಲ್ಲಿಂದ ಕಾಲುಕೀಳುತ್ತಾರೆ. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿಸುವುದು ಚಿಕ್ಕಮ್ಮನಿಗೆ ಮೊದಲು ಬಹಳ ಸಂಕಟದ ವಿಷಯವಾಗಿತ್ತು, ಬಾಯಾರಿಕೆ ಎಂದು ಬಂದವರಿಗೆ ಬೆಲ್ಲ ನೀರು ಕೊಟ್ಟೇ ಮಾತು ಶುರುಮಾಡುವ ಮನೆ ಅದು. ಈಗ ಕಿಟಕಿಯ ಸರಳಿನ ನಡುವೆ ತೂರುವ ಒಂದು ಸಣ್ಣ ನೀರಿನ ಬಾಟಲಿಯನ್ನು ಅಲ್ಲೇ ಇಟ್ಟುಕೊಂಡಿದ್ದಾರೆ. ಹಗಲಿನಲ್ಲಿ ಒಡವೆಗೆ ಪಾಲಿಶ್ ಹಾಕಿಕೊಡುತ್ತೇವೆ ಎಂದು ಬರುವ ವಂಚಕರಿಗೂ ಇದೇ ಕಿಟಕಿಯ ನಿಯಮ ಅನ್ವಯವಾಗುತ್ತದೆ.

ವಿದ್ಯುತ್ತು ಮಳೆಗಾಲದಲ್ಲಿ ಹೋಗುವುದೇ ರೂಢಿಯಾದ್ದರಿಂದ ಎಲ್ಲವೂ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯ ಮೇಲೆ ನಡೆಯುತ್ತದೆ. ಇಂಟರ್ನೆಟ್ ಸತ್ತರೂ ಗಂಟೆ ಬಾರಿಸಲೇಬೇಕು, ಆದ್ದರಿಂದ ಹೊರಗಿನ ಬೋರ್ಡಿನಿಂದ ಒಳಗಿನದಕ್ಕೆ ಸುದ್ದಿ ರೂಟರಿನ ಹಂಗಿಲ್ಲದೆ ಇಎಸ್‌ಪಿ-ನೌ ಮೂಲಕ ಹೋಗುತ್ತದೆ. ಚಿತ್ರಕ್ಕೆ ಮಾತ್ರ ರೂಟರ್ ಬೇಕು. ಅವಕೆಂಪು ದೀಪಗಳನ್ನು ಕ್ಯಾಮೆರಾದಿಂದ ಒಂದು ಮೊಳ ದೂರ ಇಟ್ಟಿದ್ದೇನೆ. ಪಕ್ಕದಲ್ಲೇ ಇದ್ದರೆ, ಜೇಡ ಮಸೂರದ ಮುಂದೆ ಬಲೆ ನೇಯ್ದಾಗ ಬೆಳಗುವ ಆ ಬಲೆಯ ಹಿಂದೆ ಮುಖವೇ ಕಾಣುವುದಿಲ್ಲ.

ಜಗಲಿ ಒಂದು ಹದಕ್ಕೆ ಬಂದ ಮೇಲೆ ಮನಸ್ಸು ಆಗಲೇ ದಣಪೆಗೆ ಹೋಗಿದೆ. ಕೊಯ್ಲಿನ ಕಾಲದಲ್ಲಿ ಸುಲಿದು ಬೇಯಿಸಿದ ಅಡಿಕೆ ಅಂಗಳದ ಚಪ್ಪರದ ಮೇಲೆ ರಾತ್ರಿಯೂ ಹರಡಿರುತ್ತದೆ, ಕಳ್ಳರ ಕಣ್ಣು ಬೀಳುವುದು ಮನೆಗಿಂತ ಅದರ ಮೇಲೆ. ದಣಪೆಯ ಗಳು ಸರಿದದ್ದನ್ನು ತಿಳಿಸುವ ರೀಡ್ ಸ್ವಿಚ್ (ಅಯಸ್ಕಾಂತಕ್ಕೆ ಸ್ಪಂದಿಸುವ ಸ್ವಿಚ್), ಚಪ್ಪರದ ಕಂಬಗಳ ನಡುವೆ ಅವಕೆಂಪು ಕಿರಣದ ಬೇಲಿ, ಎರಡಕ್ಕೂ 865–867 ಮೆಗಾಹರ್ಟ್ಸ್ ಪಟ್ಟಿಯ ಲೋರಾ ರೇಡಿಯೋ ಎಂಬುದು ಸದ್ಯದ ಯೋಜನೆ. ವೈಫೈ ತಲುಪದ ತೋಟದ ಅಂಚಿಗೂ ಲೋರಾ ತಲುಪುತ್ತದೆ, ಆ ಪಟ್ಟಿಗೆ ನಮ್ಮಲ್ಲಿ ಪರವಾನಗಿಯೂ ಬೇಡ. ತರಿಸುವಾಗ 433 ಮೆಗಾಹರ್ಟ್ಸಿನ ಮಾಡ್ಯೂಲ್ ಬಾರದಂತೆ ಈ ಬಾರಿ ಚಿಪ್ಪಿನ ಸಂಖ್ಯೆಯ ಫೋಟೊ ಕೇಳಿಯೇ ಹಣ ಕಟ್ಟುತ್ತೇನೆ.

ಜಗಲಿಯ ಸಾಧನಕ್ಕೆ ಬಾಕಿ ಇರುವುದು ಬೇಸಿಗೆಯ ಪರೀಕ್ಷೆ. ಹಗಲೆಲ್ಲ ಕಾದ ಅಂಗಳ ಮತ್ತು ಗೋಡೆಗಳ ಬಿಸಿ ಸಂಜೆ ಮೈಬಿಸಿಗೆ ಸಮೀಪವಾದಾಗ ಪಿಐಆರ್ ಕುರುಡಾಗುತ್ತದೆ. ಆ ಹೊತ್ತಿಗೆ ಎರಡನೆಯ ನಿಯಮವೊಂದೇ ಸಾಕಾಗುವುದೋ ಅಥವಾ ಸೂರುನೀರಿಲ್ಲದ ತಿಂಗಳುಗಳಿಗೆ 3ನೇ ಗೇಟನ್ನು ಮತ್ತೆ ತೆರೆಯಬೇಕೋ ಎಂಬುದನ್ನು ಏಪ್ರಿಲಿನಲ್ಲಿ ನೋಡಬೇಕು. ಮಳೆಗಾಲ ಮತ್ತು ಬೇಸಿಗೆಯ ಎರಡು ಮಿತಿಪಟ್ಟಿಗಳನ್ನು ಬೋರ್ಡಿನಲ್ಲೇ ಉಳಿಸಿ, ಒಂದು ಗುಂಡಿಯಿಂದ ಚಿಕ್ಕಪ್ಪ ಬದಲಿಸಿಕೊಳ್ಳುವಂತೆ ಪ್ರೋಗ್ರಾಮಿನಲ್ಲಿ ಈಗಲೇ ಜಾಗ ಬಿಟ್ಟಿದ್ದೇನೆ.