ಉಬ್ಬಸಕ್ಕೆ ನಾಲ್ಕು ಇಟ್ಟಿಗೆ

ಎದುರುಮನೆ ಕಟ್ಟುತ್ತಿರುವ ಮೇಸ್ತ್ರಿಯ ಹತ್ತಿರ ಇವತ್ತು ನಾಲ್ಕು ಇಟ್ಟಿಗೆ ಕೇಳಿ ತಂದೆ.
"ಒಲೆ ಹೂಡುತ್ತೀರಾ ಸಾರ್?"
ಇಲ್ಲಪ್ಪ, ಉಬ್ಬಸಕ್ಕೆ.
ಅವನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ರಾತ್ರಿ ಎರಡು ಗಂಟೆಗೆ ಎದೆ ಸುಂಯ್‌ಗುಟ್ಟಿದಾಗಲೆಲ್ಲ ನಾನು ಬೈದದ್ದು ಬೆಂಗಳೂರನ್ನು. ಸಿಲ್ಕ್ ಬೋರ್ಡಿನ ಹೊಗೆ, ಪಾರ್ಥೇನಿಯಂ, ಡಿಸೆಂಬರಿನ ಚಳಿ.
ಡಾಕ್ಟರು ಕೇಳಿದ್ದು ಬೇರೆಯೇ: "ಊಟ ಎಷ್ಟು ಗಂಟೆಗೆ?"
ಹತ್ತೂವರೆಗೆ. ಹನ್ನೊಂದಕ್ಕೆ ಹಾಸಿಗೆ.

ಮಲಗಿದರೆ ಹೊಟ್ಟೆಯ ಆಮ್ಲಕ್ಕೆ ಅನ್ನನಾಳ ಹತ್ತುವುದು ಸುಲಭವಂತೆ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ವೇಗಸ್ ಎಂಬ ಒಂದೇ ನರದ ನಂಟು. ಅಲ್ಲಿ ಕೆರಳಿದರೆ ಇಲ್ಲಿ ಬಿಗಿಯುತ್ತದೆ. ಕೆಲವೊಮ್ಮೆ ಆಮ್ಲದ ಹನಿಯೇ ಉಸಿರಿನ ದಾರಿಗೆ ಜಾರುತ್ತದೆ. ಎದೆಯುರಿ ಇರಲೇಬೇಕೆಂದೂ ಇಲ್ಲ. ನನಗೆ ಒಂದು ಹುಳಿತೇಗೂ ಬಂದಿರಲಿಲ್ಲ!
ತಮಾಷೆ ಎಂದರೆ, ಉಬ್ಬಸದ ಹಳೆಯ ಮಾತ್ರೆ ಥಿಯೋಫಿಲಿನ್ ಅನ್ನನಾಳದ ಕೆಳಬಾಗಿಲನ್ನೇ ಸಡಿಲಿಸಬಲ್ಲದು.

ಆಮ್ಲ ಮೇಲೆ ಹತ್ತದಿರಲೆಂದು ಮಂಚದ ತಲೆಕಡೆಯ ಎರಡು ಕಾಲಿಗೆ ಎರಡೆರಡು ಇಟ್ಟಿಗೆ. ಆ ಕಡೆ ಈಗ ಸುಮಾರು 15 ಸೆಂಟಿಮೀಟರ್ ಮೇಲೆದ್ದಿದೆ. ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇದೆ, ಅದನ್ನು ಬಿಡುವ ಹಾಗಿಲ್ಲ.
ಊಟ ಮಾತ್ರ ಎಂಟಕ್ಕೆ ಮುಗಿಯಬೇಕಂತೆ.
ಎಂಟಕ್ಕೆ ನನ್ನ ಬಸ್ಸು ಇನ್ನೂ ಮಾರತ್ತಹಳ್ಳಿ ದಾಟಿರುವುದಿಲ್ಲ.