ಮಂಜುಗಟ್ಟದ ಊರಿನ ಐಸ್ ಹಾಕಿ

ಡಿಸೆಂಬರ್ ಕೊನೆಯ ವಾರ. ವ್ಯಾಂಕೂವರ್‌ನ ಅಕ್ಕನ ಮನೆಯಿಂದ ಹೊರಟು ಫೆರಿ ಹತ್ತಿದೆವು. ಒಂದೂವರೆ ಗಂಟೆ ಸಮುದ್ರ, ಆಮೇಲೆ ಬಸ್ಸು, ವಿಕ್ಟೋರಿಯಾ ಬಂತು. ಕೆನಡಾ ಅಂದರೆ ಮೊಣಕಾಲುದ್ದ ಹಿಮ ಅಂದುಕೊಂಡಿದ್ದೆ. ಇಲ್ಲಿ ಜಿಟಿಜಿಟಿ ಮಳೆ, ಹಸಿರು ಹುಲ್ಲು.

ನಾನು ನೋಡಬೇಕಿದ್ದದ್ದು ಪಕ್ಕದ ಓಕ್ ಬೇಯಲ್ಲಿ ಹಳೆಯ ಕಾಲದ ಐಸ್ ಹಾಕಿ ಆಟಗಾರ, ಕೋಚ್ ಲೆಸ್ಟರ್ ಪ್ಯಾಟ್ರಿಕ್ ಅರೀನಾ (ಐಸ್ ಹಾಕಿ ಕ್ರೀಡಾಂಗಣ) ಕಟ್ಟಿದ್ದ ಜಾಗ. ಅದು 1929ರಲ್ಲೇ ಸುಟ್ಟುಹೋಯಿತು. ಆದರೂ ಕ್ಯಾಡ್ಬರೋ ಬೇ ರಸ್ತೆಯಲ್ಲಿ ಕೊಡೆ ಹಿಡಿದು ತುಂಬಾ ಹೊತ್ತು ನಿಂತೆ.

ಲೆಸ್ಟರ್ 1906, 1907ರಲ್ಲಿ ಮಾಂಟ್ರಿಯಲ್ ವಾಂಡರರ್ಸ್ ತಂಡದ ಜೊತೆ ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದವರು. ಆಮೇಲೆ ರೆನ್‌ಫ್ರೂ ಅನ್ನುವ ಪುಟ್ಟ ಊರಿನ ತಂಡ ಒಂದು ಸೀಸನ್‌ಗೆ 3,000 ಡಾಲರ್ ಕೊಟ್ಟು ಅವರನ್ನು ಕರೆಸಿಕೊಂಡಿತು. 1911ರಲ್ಲಿ ಅವರ ಅಪ್ಪ ಮರದ ವ್ಯಾಪಾರ ಮಾರಿದರು. ಆ ದುಡ್ಡಿನಲ್ಲಿ ಲೆಸ್ಟರ್ ಮತ್ತು ತಮ್ಮ ಫ್ರಾಂಕ್ ಈ ಪಶ್ಚಿಮ ಕರಾವಳಿಯಲ್ಲಿ ಹೊಸ ಲೀಗ್ ಶುರು ಮಾಡಿದರು. ಆದರೆ ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಲ್ಲಿದೆ? ಹಾಗಾಗಿ ನೆಲದಡಿ ಪೈಪು ಹಾಕಿ ಐಸ್ ಮಾಡಿಸಿದರು. ಕೆನಡಾದ ಮೊದಲ ಕೃತಕ ಐಸ್ ರಿಂಕ್ (ಐಸ್ ಅಂಗಳ) ಓಕ್ ಬೇಯ ಈ ಅರೀನಾದ್ದೇ. 1911ರ ಕ್ರಿಸ್‌ಮಸ್ ದಿನ ಜನರಿಗೆ ಬಾಗಿಲು ತೆರೆಯಿತು. ಆ ಮಳೆಯಲ್ಲಿ ನಿಂತಾಗಲೇ ಅದು ಎಂಥ ಧೈರ್ಯ ಅಂತ ನನಗೆ ಅರ್ಥವಾಗಿದ್ದು.

1925ರಲ್ಲಿ ಅವರ ಕೋಚಿಂಗ್‌ನಲ್ಲಿ ವಿಕ್ಟೋರಿಯಾ ಕೂಗರ್ಸ್ ಸ್ಟಾನ್ಲಿ ಕಪ್ ಗೆದ್ದಿತು. ಮರುವರ್ಷ ಅವರು ನ್ಯೂಯಾರ್ಕ್ ರೇಂಜರ್ಸ್ ಕೋಚ್ ಆದರು.

ವಾಪಸ್ ಬರುವಾಗ ಫೆರಿಯಲ್ಲಿ ಅಕ್ಕನ ಮಗನಿಗೆ 1928ರ ಏಪ್ರಿಲ್ 7ರ ಕಥೆ ಹೇಳಿದೆ. ಅವನೂ ಗೋಲ್‌ಕೀಪರ್. ಮಾಂಟ್ರಿಯಲ್‌ನಲ್ಲಿ ಫೈನಲ್ ಸರಣಿಯ ಎರಡನೇ ಪಂದ್ಯ. ರೇಂಜರ್ಸ್ ಗೋಲ್‌ಕೀಪರ್ ಶಾಬೋ ಕಣ್ಣಿಗೆ ಪಕ್ (ಚೆಂಡಿನ ಬದಲು ಆಡುವ ಗಟ್ಟಿ ರಬ್ಬರ್ ಬಿಲ್ಲೆ) ಬಡಿಯಿತು. ಆಗ ತಂಡಗಳು ಬದಲಿ ಗೋಲ್‌ಕೀಪರ್ ಇಟ್ಟುಕೊಳ್ಳುತ್ತಿರಲಿಲ್ಲ. ಪ್ರೇಕ್ಷಕರ ನಡುವೆ ಇದ್ದ ಬೇರೆ ತಂಡದ ಗೋಲ್‌ಕೀಪರ್‌ನನ್ನು ಇಳಿಸಲು ಎದುರಾಳಿ ಒಪ್ಪಲಿಲ್ಲ. ಕೊನೆಗೆ 44 ವರ್ಷದ ಕೋಚ್ ಲೆಸ್ಟರೇ ಗೋಲ್‌ಕೀಪರ್ ಪ್ಯಾಡ್ ಕಟ್ಟಿಕೊಂಡರು.

"ಮಾಮ, ರೂಢಿ ಇಲ್ಲದವರಿಗೆ ಆ ಪ್ಯಾಡಲ್ಲಿ ನಡೆಯೋದೇ ಕಷ್ಟ!" ಅಂದ.

ಅವರು ಬಿಟ್ಟದ್ದು ಒಂದೇ ಗೋಲು. ಹೆಚ್ಚುವರಿ ಸಮಯದಲ್ಲಿ ಫ್ರಾಂಕ್ ಬೌಚರ್ ಗೋಲು ಹೊಡೆದು 2-1ರಿಂದ ಗೆಲ್ಲಿಸಿದರು. ಆ ವರ್ಷ ಕಪ್ಪೂ ರೇಂಜರ್ಸ್‌ಗೇ ಬಂತು. ಗೋಲ್‌ಕೀಪರ್ ಮಂಡಿಯೂರಿ ಪಕ್ ತಡೆಯಬಹುದು ಅನ್ನುವ ನಿಯಮವನ್ನು ತಮ್ಮ ಲೀಗ್‌ನಲ್ಲಿ ತಂದವರು ಇದೇ ಅಣ್ಣತಮ್ಮಂದಿರು. ಇದನ್ನು ಹೇಳಿದಾಗ ಹುಡುಗ ಸುಮ್ಮನಾದ. ಆಮೇಲೆ ಮೆಲ್ಲಗೆ ಕೇಳಿದ, "ನಾವು ನಿಂತಿದ್ದ ಜಾಗದಲ್ಲೇನಾ?"

ಹೌದು, ಅಲ್ಲೇ ಆಡುತ್ತಿದ್ದರು. ನ್ಯೂಯಾರ್ಕ್ ಮುಗಿಸಿ ಲೆಸ್ಟರ್ ಮತ್ತೆ ಬಂದದ್ದೂ ಈ ಮಳೆಯ ಊರಿಗೇ. 1960ರಲ್ಲಿ ಇಲ್ಲೇ ತೀರಿಕೊಂಡರು.