ಪಿಕ್‌ಪ್ಯೂಸ್ ಬೀದಿಯ ಗೋಡೆ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಫ್ರಾನ್ಸಿನ ಕ್ರಾಂತಿಗೆ ಸಿದ್ಧ ಉತ್ತರವಿತ್ತು: ಅರಮನೆಯ ದುಂದುವೆಚ್ಚ, ರೈತರ ಬೆನ್ನಿಗೆ ತೆರಿಗೆ, ಬ್ಯಾಸ್ಟೀಲ್ ಸೆರೆಮನೆ, 1792ರ ಸೆಪ್ಟೆಂಬರ್ 21ಕ್ಕೆ ಅರಸೊತ್ತಿಗೆ ರದ್ದು, ಮರುವರ್ಷ ಜನವರಿ 21ಕ್ಕೆ ಹದಿನಾರನೆಯ ಲೂಯಿಯ ತಲೆ. ಆಮೇಲೆ ಕ್ರಾಂತಿಯ ಸರ್ಕಾರವೇ ಸಾವಿರಾರು ಜನರ ತಲೆ ಕಡಿಸಿದ ಭೀತಿಯ ಆಳ್ವಿಕೆಗೆ ಎರಡೇ ವಾಕ್ಯ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ‘ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಶ್ರೀಮಂತರು ಬಲಿಯಾದರು’ ಎಂದು ಟಿಪ್ಪಣಿ ಬರೆಸಿದವನೂ ನಾನೇ.

ಕಳೆದ ವರ್ಷ ಪ್ಯಾರಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ವರ್ಸೇಲ್ಸ್ ಅರಮನೆಯಲ್ಲಿ ಜನಜಾತ್ರೆ. ಕಾಲುನೋವು ಬಿಟ್ಟರೆ ನನಗೇನೂ ದಕ್ಕಲಿಲ್ಲ. ಇನ್ನೊಂದು ಮಧ್ಯಾಹ್ನ, “ಅಪ್ಪಾ, ಇಲ್ಲಿಗೆ ಹೆಚ್ಚು ಜನ ಬರುವುದಿಲ್ಲ, ನಿಮಗೆ ಹಿಡಿಸುತ್ತದೆ” ಎಂದು ನಾಸಿಯೋಂ ಚೌಕಕ್ಕೆ ಕರೆದೊಯ್ದಳು. ನಡುವೆ ಗಣರಾಜ್ಯದ ವಿಜಯದ ಭಾರಿ ಪ್ರತಿಮೆ, ಪಕ್ಕದಲ್ಲಿ ಎರಡು ಕಂಬಗಳು, ಕಂಬಗಳ ತುದಿಯಲ್ಲಿ ಇಬ್ಬರು ರಾಜರು! ರಾಜನನ್ನು ಕೊಂದ ಊರು ಹಳೆಯ ರಾಜರನ್ನು ಹೀಗೆ ಮೇಲೆ ನಿಲ್ಲಿಸಿಕೊಂಡಿದೆ. 1794ರ ಜೂನ್ 14ರಿಂದ ಜುಲೈ 27ರವರೆಗೆ ಗಿಲೊಟಿನ್ ನಿಂತದ್ದು ಇದೇ ಚೌಕದಲ್ಲಿ. ಅದಕ್ಕೆ ನಾಲ್ಕು ದಿನ ಮುಂಚೆ ಬಂದ ಕಾನೂನು ಆರೋಪಿಯ ಪರ ವಕೀಲರನ್ನೇ ತೆಗೆದುಹಾಕಿತ್ತು. ತೀರ್ಪು ಎರಡೇ, ಬಿಡುಗಡೆ ಇಲ್ಲವೇ ಮರಣ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಪಿಕ್‌ಪ್ಯೂಸ್ ಸ್ಮಶಾನ. ಆ ಆರು ವಾರಗಳಲ್ಲಿ ಸತ್ತ 1306 ಮಂದಿಯನ್ನು ಗಾಡಿಗಳಲ್ಲಿ ತಂದು ಎರಡು ಗುಂಡಿಗಳಿಗೆ ಸುರಿದರು. ಪ್ರಾರ್ಥನಾಲಯದೊಳಗೆ ಎಡಕ್ಕೂ ಬಲಕ್ಕೂ ಕಲ್ಲಿನ ಫಲಕಗಳು, ಅವುಗಳ ತುಂಬ ಹೆಸರುಗಳು. ನನಗೆ ಫ್ರೆಂಚ್ ಬಾರದು. ಮಗಳು ಬೆರಳಿಟ್ಟು ಕಸುಬುಗಳನ್ನು ಓದುತ್ತಾ ಹೋದಳು. ಮನೆಯಾಳು. ರೈತ. ಮತ್ತೆ ಮನೆಯಾಳು. ನನ್ನ ಟಿಪ್ಪಣಿಯ ಶ್ರೀಮಂತರೂ ಇದ್ದರು, ಪಾದ್ರಿಗಳಿದ್ದರು, ಸೈನಿಕರಿದ್ದರು. ಆದರೆ ಅರ್ಧಕ್ಕಿಂತ ಹೆಚ್ಚಿನವರು ಸಾಮಾನ್ಯ ಜನ. ಹದಿನೆಂಟರ ನಿಕೋಲ್ ಬುಶಾರ್ ಒಬ್ಬ ನಟಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಕಾಂಪಿಯೇನ್ ಊರಿನ ಸನ್ಯಾಸಿನಿಯರ ಮಠದಿಂದ ಬಲಿಯಾದ ಹದಿನಾರು ಮಂದಿಯಲ್ಲಿ ಇಬ್ಬರು ಸನ್ಯಾಸಿನಿಯರೂ ಅಲ್ಲ, ಮಠದ ಹೊರಗಿನ ಕೆಲಸ ನೋಡಿಕೊಳ್ಳುತ್ತಿದ್ದ ಅಕ್ಕತಂಗಿಯರು.

ಗುಂಡಿಗಳ ಜಾಗವೂ ಮರೆತುಹೋಗುತ್ತಿತ್ತಂತೆ. ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡ ಒಬ್ಬ ಹುಡುಗಿ ಗಾಡಿಯ ಹಿಂದೆಯೇ ಬಂದು ಜಾಗ ನೋಡಿಟ್ಟುಕೊಂಡಿದ್ದಳು, ಅವಳಿಂದ ಉಳಿದವರಿಗೆ ತಿಳಿಯಿತು ಎನ್ನುತ್ತಾರೆ.

ತೋಟದ ಕೊನೆಯ ಕಬ್ಬಿಣದ ಸರಳುಗಳಾಚೆ ಆ ಜಾಗ ಕಾಣುತ್ತದೆ. ಬರೀ ನೆಲ. ಈಚೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಫ್ರೆಂಚ್ ಸೇನಾನಿ ಲಫಾಯೆತ್‌ನ ಸಮಾಧಿ, ಅದರ ಮೇಲೆ ಅಮೆರಿಕದ ಬಾವುಟ. ಅವನ ಹೆಂಡತಿಯ ಅಜ್ಜಿ, ತಾಯಿ, ಅಕ್ಕ ಮೂವರೂ ಒಂದೇ ದಿನ ಸತ್ತು ಆ ಗುಂಡಿ ಸೇರಿದವರು; ಗಂಡಹೆಂಡಿರು ಇಲ್ಲೇ ಮಲಗಿರುವುದು ಅದಕ್ಕೇ. ಪ್ರವಾಸಿಗಳಿಬ್ಬರು ಬಾವುಟದ ಫೋಟೊ ತೆಗೆದುಕೊಂಡು ಹೊರಟರು.

ನಾನು ಮತ್ತೆ ಪ್ರಾರ್ಥನಾಲಯಕ್ಕೆ ಹೋದೆ. ಒಂದು ಫಲಕದಲ್ಲಿ ಎಷ್ಟು ಮಂದಿ ಮನೆಯಾಳುಗಳಿದ್ದಾರೆ ಎಣಿಸೋಣ ಎಂದು ಶುರುಮಾಡಿದೆ. ಆ ಒಂದು ಪದವನ್ನು ಅಷ್ಟರಲ್ಲಿ ಗುರುತಿಸಲು ಕಲಿತಿದ್ದೆ. ಮೇಲಿನ ಸಾಲುಗಳಿಗೆ ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ಹಿಡಿದುಕೊಂಡಿತು. “ಸಾಕು ಬನ್ನಿ ಅಪ್ಪಾ, ಬಾಗಿಲು ಹಾಕುವ ಹೊತ್ತಾಯಿತು” ಎಂದಳು ಮಗಳು. ಎಣಿಕೆ ಅರ್ಧಕ್ಕೇ ನಿಂತಿತ್ತು.